ಒಂದೇ ಮಾತಿನ ಅರ್ಥಕೋಶ

ಗುರುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಮುದ್ದು.

ಕಾಗದ ಎಂದ ಮೇಲೆ ಮೊದಲಿಗೆ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯಬೇಕು. ಬರೆಯಲು ಹೋಗಿ ಪೆನ್ನು ಅಲ್ಲೇ ನಿಂತಿತು. ಈ ಮನೆಯಲ್ಲಿ ಕ್ಷೇಮ ಎನ್ನುವ ಪದವನ್ನು ಯಾರ ತಲೆಗೆ ಕಟ್ಟಲಿ? ಅದಕ್ಕೇ ಆ ಸಾಲನ್ನು ಹಾರಿಸಿದ್ದೇನೆ. ನೀನು ಚೆನ್ನಾಗಿದ್ದೀಯ ಅಂದುಕೊಳ್ಳುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಕಾಗದ ಮೊನ್ನೆ ಕೈ ಸೇರಿತು. ಫೋನಿನಲ್ಲಿ ಮಾತಾಡಲು ಹೋದರೆ ಅಳು ಬಂದುಬಿಡುತ್ತದೆ, ಅದಕ್ಕೇ ಬರೆದೆ ಎಂದಿದ್ದೀಯ. ನಾನೂ ಅದಕ್ಕೇ ಬರೆಯುತ್ತಿದ್ದೇನೆ ಅಂದುಕೋ. ಅಲ್ಲದೆ ನಮ್ಮ ಫೋನಿಗೆ ಬಾಲವಿದೆ, ಗೋಡೆ ಬಿಟ್ಟು ಅಲ್ಲಾಡುವುದಿಲ್ಲ; ಅದು ಇರುವುದು ನಿಮ್ಮಪ್ಪನ ದಿಂಬಿನ ಪಕ್ಕ. ಅವರ ವಿಷಯವನ್ನು ಅವರ ಕಿವಿಯ ಹತ್ತಿರವೇ ಕೂತು ಹೇಳುವುದು ಹೇಗೆ? ಕಿವಿಯಂತೂ ಕೇಳುತ್ತದೆ. ಕೇಳಿದ್ದು ಒಳಗೆ ಎಲ್ಲಿಗೆ ಹೋಗುತ್ತದೋ ಅದು ಯಾರಿಗೂ ಗೊತ್ತಿಲ್ಲ. ಈಗ ಅವರಿಗೆ ಮಂಪರು. ನಾನು ಅಡುಗೆಮನೆಯ ಮೇಜಿನ ಮೇಲೆ ತರಕಾರಿ ಹೆಚ್ಚುವ ಮಣೆ ಸರಿಸಿ ಬರೆಯುತ್ತಿದ್ದೇನೆ. ಕಾಗದಕ್ಕೆ ಈರುಳ್ಳಿ ವಾಸನೆ ಹತ್ತಿದ್ದರೆ ಮೂಗು ಮುರಿಯಬೇಡ.

ನಿಮ್ಮಪ್ಪ ಈಗ ಆಡುವ ಆ ಒಂದೇ ಒಂದು ಇಂಗ್ಲಿಷ್ ಪದದ ಅರ್ಥಗಳನ್ನೆಲ್ಲ ನಿಘಂಟು ನೋಡಿ ನೀಟಾಗಿ ಬರೆದು ಕಳಿಸಿದ್ದೀಯ. ನೆಕ್ಸ್ಟ್ ಎಂದರೆ ಮುಂದಿನದು. ನೆಕ್ಸ್ಟ್ ಎಂದರೆ ಆಮೇಲೆ. ನೆಕ್ಸ್ಟ್ ಎಂದರೆ ಪಕ್ಕದ್ದು, ತೀರ ಹತ್ತಿರದ್ದು. ಮುಂದಿನ ವಾರ, ಪಕ್ಕದ ಮನೆ ಎಂದು ಉದಾಹರಣೆಗಳು ಬೇರೆ. ಅದೇ ಅರ್ಥ ಕೊಡುವ ಪದಗಳು ಎಂದು ತರುವಾಯ, ಬಳಿಕ, ಅನಂತರ ಇವನ್ನೂ ಸಾಲಾಗಿ ಕೂರಿಸಿದ್ದೀಯ. ಕೊನೆಗೆ ನಿನ್ನ ವಾದ: ಯಾವ ಅರ್ಥ ತೆಗೆದುಕೊಂಡರೂ ಅದು ಮುಂದಕ್ಕೆ ಹೋಗುವ ಮಾತೇ ಹೊರತು ನಿಲ್ಲಿಸುವ ಮಾತಲ್ಲ, ಅಪ್ಪನಿಗೆ ಬದುಕುವ ಆಸೆಯಿದೆ. ನನ್ನನ್ನು ಅಪ್ಪ ಅದೇ ಪದದಲ್ಲಿ ಕ್ಷಮಿಸಿದರಲ್ಲ, ಡಾಕ್ಟರ ಹತ್ತಿರವೂ ಅದನ್ನೇ ಹೇಳುತ್ತಾರೆ, ಟ್ಯೂಬ್ ಹಾಕಿಸಮ್ಮಾ ಎಂದು ಬರೆದಿದ್ದೀಯ. ಅದರ ಕೆಳಗೆ ಎರಡು ಗೀಟು ಎಳೆದಿದ್ದೀಯ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಟ್ಯೂಬ್ ಹಾಕಿಸಲಿಲ್ಲ. ನಿಮ್ಮಪ್ಪ ಬೇಡ ಅನ್ನುತ್ತಿದ್ದಾರೆ ಎಂದು ನಿನ್ನೆ ಬೆಳಿಗ್ಗೆ ಡಾಕ್ಟರಿಗೆ ನಾನೇ ಹೇಳಿದೆ. ಕಾಗದವನ್ನು ಮುದುರಿ ಎಸೆಯಬೇಡ, ಪೂರ್ತಿ ಓದು. ಆಮೇಲೆ ಏನು ಬೇಕಾದರೂ ಅನ್ನು.

ಈಚೆಗೆ ಅವರಿಗೆ ನುಂಗುವುದೇ ಮರೆತುಹೋಗಿದೆ. ಒಂದು ಚಮಚ ಹಾಲು ಕೊಟ್ಟರೆ ಅರ್ಧ ಹೊಟ್ಟೆಗೆ, ಅರ್ಧ ಎದೆಗೆ. ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಆಸ್ಪತ್ರೆ ಸೇರಿ ಬಂದದ್ದು ಅದರಿಂದಲೇ. ಈಗಂತೂ ಚಮಚ ಕಂಡರೆ ಹಲ್ಲು ಕಚ್ಚಿಕೊಳ್ಳುತ್ತಾರೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಟ್ಯೂಬ್ ಇಟ್ಟರೆ ಆಹಾರ ನೇರವಾಗಿ ಒಳಗೆ ಹೋಗುತ್ತದೆ, ಹಾಗೆಯೇ ಮಲಗಿ ವರ್ಷಗಟ್ಟಲೆ ಇರಬಹುದು ಎಂದು ಹೋದ ವಾರ ಡಾಕ್ಟರು ಹೇಳಿದರು. ಇಡದಿದ್ದರೆ ಕೆಲವೇ ವಾರ. ಇಡುವುದು ಒಳ್ಳೆಯದಾ ಎಂದು ಕೇಳಿದೆ. ಒಳ್ಳೆಯದು ಅಂತಲೂ ಅನ್ನಬಹುದು, ಅನ್ನದೇ ಇರಲೂಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ‘ಅವರು ಹೇಳೋದು ನಿಮಗೆ ಅರ್ಥ ಆಗತ್ತಂತಲ್ಲಮ್ಮಾ, ಎಲ್ಲರೂ ಹೇಳ್ತಾರೆ. ಅವರನ್ನೇ ಕೇಳಿಬಿಡಿ. ಬುಧವಾರ ಬಂದು ತಿಳಿಸಿ’ ಅಂದರು. ಪಕ್ಕದಲ್ಲಿದ್ದ ಚಿಕ್ಕಪ್ಪನೂ, ‘ಅಣ್ಣ ಏನಂತಾನೋ ಅದೇ ಆಗ್ಲಿ ಅತ್ತಿಗೆ’ ಎಂದು ಕೈ ತೊಳೆದುಕೊಂಡರು.

ನನಗೆ ಅರ್ಥವಾಗುತ್ತದೆ ಎನ್ನುವ ಈ ಕಥೆ ಎಲ್ಲಿಂದ ಹುಟ್ಟಿತು ಗೊತ್ತೇ? ಲಕ್ವ ಹೊಡೆದ ದಿನ ನಿಮ್ಮಪ್ಪ ಕನ್ನಡಕದ ಅಂಗಡಿಯಲ್ಲಿ ಒಬ್ಬ ಹೆಂಗಸಿನ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಆಕೆ ಒಂದು ಸಾಲು ಓದಿದಳು, ಇವರು ‘ನೆಕ್ಸ್ಟ್’ ಅಂದರು, ಅಂದವರು ಹಾಗೆಯೇ ಸ್ಟೂಲಿನಿಂದ ಜಾರಿದರು. ಬಲಗೈ ಹೋಯಿತು, ಬಲಗಾಲು ಹೋಯಿತು, ಜನ್ಮವಿಡೀ ಆಡಿದ ಮಾತೆಲ್ಲ ಹೋಯಿತು. ಆಗ ಬಾಯಲ್ಲಿದ್ದ ಒಂದು ಪದ ಮಾತ್ರ ಬಾಯಲ್ಲೇ ಉಳಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅಂದದ್ದೂ ಅದನ್ನೇ. ಆಗ ಅವರ ಕಣ್ಣು ನೀರಿನ ಜಗ್ಗಿನ ಕಡೆ ಹೋದ ಹಾಗೆ ನನಗೆ ಕಂಡಿತು. ನೀರು ಕೇಳುತ್ತಿದ್ದಾರೆ ಅಂದೆ. ಕುಡಿಸಿದೆ, ಕುಡಿದರು. ಸುತ್ತ ನಿಂತವರಿಗೆಲ್ಲ ಅಳು. ಅತ್ತಿಗೆಗೆ ಎಲ್ಲ ಅರ್ಥವಾಗುತ್ತದೆ ಎಂದು ಚಿಕ್ಕಪ್ಪ ಮೂಗು ಒರೆಸಿಕೊಂಡರು. ಆ ಹುದ್ದೆ ನನಗೆ ಗಂಟುಬಿದ್ದದ್ದು ಅವತ್ತೇ. ಮರುದಿನ ಅದೇ ಹೊತ್ತಿಗೆ ಅದೇ ಪದ ಬಂತು, ನಾನು ಮರೆತು ಚಹಾ ಕೊಟ್ಟೆ. ಅದನ್ನೂ ಕುಡಿದರು. ಔಷಧಿ ಕೊಟ್ಟಿದ್ದರೂ ಕುಡಿಯುತ್ತಿದ್ದರೋ ಏನೋ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಪರಾಂಬರಿಸುವುದು ನನಗೆ ಬೇಕಾಗಿರಲಿಲ್ಲ.

ನಿನ್ನ ನಿಘಂಟು ನನ್ನದರ ಮುಂದೆ ಬಡವರ ಮನೆ, ಗುಬ್ಬಿ. ಮೆಲ್ಲಗೆ ಒಂದು ಸಲ ಅಂದರೆ ನೀರು. ಎರಡು ಸಲ ಒಟ್ಟಿಗೆ ಅಂದರೆ ಮಗ್ಗುಲು ಬದಲಿಸು. ಎಳೆದು ಅಂದರೆ ಬೆನ್ನು ನೋವು. ಹುಬ್ಬು ಗಂಟಿಕ್ಕಿ ಅಂದರೆ ಕಿಟಕಿ ಮುಚ್ಚು. ನಾನು ಕೋಣೆಗೆ ಕಾಲಿಟ್ಟಾಗ ಅಂದರೆ ಅದು ನನ್ನ ಹೆಸರು. ಮದುವೆಯಾದಾಗಿನಿಂದ ‘ಏ, ಇವಳೇ’ ಎಂದು ಕರೆಸಿಕೊಂಡವಳಿಗೆ ಬಡ್ತಿ ಸಿಕ್ಕಂತೆಯೇ. ಒಂದು ದಿನ ಚಿಕ್ಕಪ್ಪ ತಮ್ಮ ಮಂಡಿನೋವಿನ ಪುರಾಣ ಬಿಚ್ಚಿ ಕೂತಿದ್ದಾಗ ನಿಮ್ಮಪ್ಪ ‘ನೆಕ್ಸ್ಟ್’ ಅಂದುಬಿಟ್ಟರು. ಪಾಪ, ಅವರು ಮುಖ ಸಣ್ಣದು ಮಾಡಿಕೊಂಡು ಎದ್ದರು. ಹೋಗು ಅಂತಲ್ಲ, ಮುಂದೇನಾಯ್ತು ಹೇಳು ಅಂತಿದ್ದಾರೆ ಎಂದು ನಾನು ಕೈ ಹಿಡಿದು ಕೂರಿಸಿದೆ. ಮಂಡಿನೋವು ಮತ್ತೆ ಮೊದಲಿನಿಂದ ಶುರುವಾಯಿತು. ಅವತ್ತು ಮಾತ್ರ ನಾನೇ ತಪ್ಪು ಅರ್ಥ ಹೇಳಿ ಕೆಟ್ಟೆ.

ನಾಚಿಕೆಯಾದರೂ ಹೇಳುತ್ತೇನೆ, ಆ ಕೆಲಸ ನನಗೆ ರುಚಿಸಿತು. ನಿಮ್ಮಪ್ಪನ ಹೊಟ್ಟೆಯಲ್ಲಿ ಏನಿದೆ ಎಂದು ಸಂಸಾರ ಮಾಡಿದಷ್ಟೂ ಕಾಲ ನನಗೆ ತಿಳಿದಿರಲಿಲ್ಲ. ಕೇಳಿದರೆ ಹೇಳುವವರಲ್ಲ. ಈಗ ಜನ ಬಂದು ಅವರೇನಂತಾರೆ ಎಂದು ನನ್ನನ್ನು ಕೇಳತೊಡಗಿದರು. ಕೇಳಿದ್ದಕ್ಕೆಲ್ಲ ಉತ್ತರ ನನ್ನ ನಾಲಿಗೆ ಮೇಲೆ. ಸೊಪ್ಪು ಹೇಗಿದೆ ಎಂದು ನಿನ್ನ ಸೋದರತ್ತೆ ಕೇಳಿದರೆ ಇವಳ ಕೈರುಚಿ ಯಾರಿಗೂ ಬರುವುದಿಲ್ಲ ಅಂತಿದ್ದಾರೆ ಅಂದೆ. ಇವಳಿಲ್ಲದಿದ್ದರೆ ನಾನಿಲ್ಲ ಅಂತಿದ್ದಾರೆ ಎಂದೂ ಒಮ್ಮೆ ಹೇಳಿಸಿದೆ. ಅವರು ಬಾಯಿ ತೆರೆದು ಒಂದು ದಿನವೂ ಆಡದ ಮಾತನ್ನೆಲ್ಲ ಈ ಒಂದು ಪದದ ಸಂದಿಯಲ್ಲಿ ತುರುಕಿ ನಾನೇ ಕೇಳಿಸಿಕೊಂಡೆ. ಹಸಿದವಳು ಖಾಲಿ ಪಾತ್ರೆಯನ್ನೂ ಕೆರೆಯುತ್ತಾಳೆ.

ಇನ್ನು ನಿನ್ನ ವಿಷಯ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಿನ್ನ ವಾದವೆಲ್ಲ ಇದರ ಮೇಲೇ ನಿಂತಿದೆಯಲ್ಲ.

ಅಂಗಡಿಯ ಹಿಂದಿನ ಆ ಕತ್ತಲೆ ಕೋಣೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆ ಬಿಟ್ಟ ಮೇಲೆ ಅದರ ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದವಳು ನೀನು. ಗಿರಾಕಿಯ ಮೂಗಿನ ಮೇಲೆ ಆ ಭಾರದ ದುಂಡು ಚೌಕಟ್ಟು ಕೂರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಸಿ, ದೂರದ ಚಾರ್ಟಿನ ಮೇಲೆ ಕಡ್ಡಿಯಿಂದ ಸಾಲು ತೋರಿಸುತ್ತಿದ್ದರು. ಓದಿದ್ದು ಸರಿಯಾದರೆ ‘ನೆಕ್ಸ್ಟ್’. ತಪ್ಪಾದರೆ ಏನೂ ಇಲ್ಲ. ಬೈಯುವುದಿಲ್ಲ, ತಿದ್ದುವುದಿಲ್ಲ. ಕಡ್ಡಿಯನ್ನು ಅಲ್ಲೇ ಹಿಡಿದು, ಅವರ ಮುಖವನ್ನೇ ನೋಡುತ್ತ ಸುಮ್ಮನೆ ನಿಲ್ಲುವುದು, ಅವರು ಮತ್ತೆ ಸರಿಯಾಗಿ ಓದುವವರೆಗೂ. ಅಂಗಡಿ ಮಾಲೀಕರು ಹೊರಗೆ ಜನ ಕಾಯುತ್ತಿದ್ದಾರೆ ಎಂದು ಗೊಣಗಿದರೂ ಕದಲುತ್ತಿರಲಿಲ್ಲ. ಆ ಪದದ ವಿರುದ್ಧ ಪದವನ್ನು ನೀನು ಬರೆದಿಲ್ಲ. ನಿನಗೆ ಗೊತ್ತಿಲ್ಲದೆ ಏನಲ್ಲ. ನಮ್ಮ ಮನೆಯಲ್ಲಿ ಅದರ ವಿರುದ್ಧ ಪದ ಮೌನ. ಸಾರಿಗೆ ಉಪ್ಪು ಮರೆತ ದಿನ ಚಮಚ ಹಿಡಿದು ನನ್ನನ್ನು ನೋಡುತ್ತಿದ್ದರು. ಗಾಜಿನ ಲೋಟ ಬೆಕ್ಕು ಒಡೆಯಿತು ಎಂದು ನೀನು ಹೇಳಿದಾಗ, ಬೆಕ್ಕಲ್ಲ ನಾನು ಎಂದು ನೀನೇ ಹೇಳುವವರೆಗೂ ನೋಡುತ್ತ ಕೂತಿದ್ದರು. ನೀನು ಗಂಡನ ಮನೆ ಬಿಟ್ಟು ಬಂದು, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದಾಗಲೂ ಅದೇ ನೋಟ. ನೀನು ಮತ್ತೆ ಓದಲಿಲ್ಲ. ಬ್ಯಾಗು ಎತ್ತಿಕೊಂಡು ಹೊರಟುಹೋದೆ. ನೀನು ಹೋದದ್ದೇ ಸರಿ, ಅದನ್ನು ಆಗಲೇ ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಇರಲಿಲ್ಲ. ಅವರು ಮಾತ್ರ ಆ ಕಡ್ಡಿಯನ್ನು ವರ್ಷಗಟ್ಟಲೆ ಕೆಳಗೆ ಇಳಿಸಲಿಲ್ಲ. ನಿನ್ನ ಫೋನು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ಲಕ್ವ ಹೊಡೆದ ಮೇಲೆ ಎದ್ದು ಹೋಗುವುದು ಎಲ್ಲಿಗೆ? ಅದಕ್ಕೇ ನೀನು ಫೋನ್ ಮಾಡಿದಾಗ ಅವರ ಕಿವಿಗೆ ಹಿಡಿದೆ. ನೀನು ಆ ಕಡೆಯಿಂದ ಅಪ್ಪಾ ಅಪ್ಪಾ ಎಂದು ಅಳುತ್ತಿದ್ದೆ. ಅವರು ‘ನೆಕ್ಸ್ಟ್, ನೆಕ್ಸ್ಟ್’ ಅಂದರು. ನಾನು ಫೋನು ಕಿತ್ತುಕೊಂಡು, ‘ಆದದ್ದಾಯ್ತು ಮಗಳೇ, ಮುಂದಿಂದು ನೋಡು ಅಂತಿದಾರೆ ಕಣೇ’ ಅಂದೆ. ನೀನು ಫೋನಿಟ್ಟೆ. ಅವತ್ತಿನಿಂದ ನಿನ್ನ ದನಿಯೇ ಬದಲಾಯಿತು. ನಗುವುದಕ್ಕೆ ಶುರು ಮಾಡಿದೆ, ಹಬ್ಬಿ ಬೆಳೆದ ಬಳ್ಳಿಯ ಹಾಗೆ ಉದ್ದುದ್ದ ಕಾಗದ ಬರೆಯತೊಡಗಿದೆ. ಗುಬ್ಬಿ, ಆ ಮಾತು ನನ್ನದು. ಫೋನಿಗೆ ಮುಂಚೆ ಅವರು ಸೋಪಿನ ಡಬ್ಬಿಯನ್ನು ನೋಡಿ ಅದೇ ದನಿಯಲ್ಲಿ ಅದನ್ನೇ ಅಂದಿದ್ದರು. ಆಮೇಲೆ ಪರದೆಯ ಮೇಲೆ ಕೂತ ನೊಣಕ್ಕೂ ಅಂದರು.

ಈಗ ನೋಡು ನನ್ನ ಪಾಡು. ಆ ಪದಕ್ಕೆ ಅರ್ಥವಿದೆ ಎಂದರೆ ನಿನಗೆ ಕ್ಷಮೆ ಸಿಕ್ಕಿತು, ಆದರೆ ಟ್ಯೂಬ್ ವಿಷಯದಲ್ಲೂ ಅವರನ್ನೇ ಕೇಳಬೇಕು. ಅರ್ಥವಿಲ್ಲ ಎಂದರೆ ಟ್ಯೂಬ್ ಬೇಡವೆನ್ನುವ ಅಧಿಕಾರ ನನ್ನದಾಗುತ್ತದೆ, ಆದರೆ ನಿನ್ನ ಕೈಯಲ್ಲಿರುವ ಒಂದೇ ಒಂದು ಒಳ್ಳೆಯ ಮಾತನ್ನು ಕಿತ್ತುಕೊಳ್ಳಬೇಕು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಹಾಗಿಲ್ಲ. ಬಹಳ ಯೋಚಿಸಿದೆ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ದಾರಿ ಒಂದೂ ಕಾಣಲಿಲ್ಲ.

ಮಾತು ಕಲಿಸಲು ಬರುವ ಟೀಚರನ್ನೂ ಕೇಳಿದೆ. ಆಕೆ ವಾರ ವಾರ ಚಿತ್ರದ ಕಾರ್ಡು ತಂದು ತೋರಿಸುತ್ತಿದ್ದರು. ಬಾಚಣಿಗೆ, ನೆಕ್ಸ್ಟ್. ಕುರ್ಚಿ, ನೆಕ್ಸ್ಟ್. ಹೌದಾದರೆ ಕಣ್ಣು ಮುಚ್ಚಿ ಎಂದು ಹೇಳಿ, ನೀವು ಗಂಡಸಾ ಎಂದರೆ ಇವರು ಮುಚ್ಚುತ್ತಿದ್ದರು, ನೀವು ಹೆಂಗಸಾ ಎಂದರೂ ಮುಚ್ಚುತ್ತಿದ್ದರು. ಹೋದ ಸಲ ಬಂದಾಗ ಬಾಗಿಲ ತನಕ ಕರೆದೊಯ್ದು ನೇರವಾಗಿ ಕೇಳಿದೆ. ‘ಬೇಜಾರು ಮಾಡ್ಕೋಬೇಡಿ ಅಮ್ಮಾ, ಅದು ಮಾತಲ್ಲ. ಬಾಗಿಲು ಕಿರ್ರ್ ಅನ್ನತ್ತಲ್ಲ, ಹಾಗೆ’ ಅಂದರು. ಹಾಗಾದರೆ ಒಳಗೆ ಯಾರೂ ಇಲ್ಲವಾ ಎಂದೆ. ಇದ್ದರೂ ಇರಬಹುದು, ಇದೊಂದರಿಂದ ಹೇಳಲಾಗುವುದಿಲ್ಲ ಎಂದು ಚಪ್ಪಲಿ ಮೆಟ್ಟಿದರು. ಹಾಗಾದರೆ ನಿನ್ನ ಪಟ್ಟಿಯಲ್ಲಿ ಆ ಪದದ ಸಮಾನಾರ್ಥಕಗಳನ್ನು ತಿದ್ದಿಕೋ. ತರುವಾಯ, ಬಳಿಕ ಅಲ್ಲ. ಕೆಮ್ಮು, ಆಕಳಿಕೆ, ಬಿಕ್ಕಳಿಕೆ.

ಆದರೂ ಮೊನ್ನೆ ನಿನ್ನ ಕಾಗದ ಓದಿ ಮುಗಿಸಿದಾಗ ನನಗೇ ಒಂದು ಹುಚ್ಚು ಆಸೆ ಹುಟ್ಟಿತು. ಕಪಾಟಿನ ಹಿಂದೆ ಅವರ ಹಳೆಯ ಚಾರ್ಟು ಇತ್ತಲ್ಲ, ಅಂಚು ಹರಿದು ಹಳದಿಯಾದದ್ದು, ಅದನ್ನು ಒರೆಸಿ ಮಂಚದ ಎದುರಿನ ಗೋಡೆಗೆ ಹಾಕಿದೆ. ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಎಡಗೈಗೆ ಕಡ್ಡಿ ಕೊಟ್ಟೆ, ಹಿಡಿದುಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಕೈಕಟ್ಟಿ ಕೂತೆ. ಬೇರೆ ಎಲ್ಲ ಹೋದರೂ ಕಸುಬು ಹೋಗಿರುವುದಿಲ್ಲ, ಸರಿ ತಪ್ಪು ಅಲ್ಲಾದರೂ ತಿಳಿದೀತು ಎಂದು ನನ್ನ ಲೆಕ್ಕ.

ಮೇಲಿನ ದೊಡ್ಡ ಅಕ್ಷರವನ್ನು ಸರಿಯಾಗಿ ಓದಿದೆ. ‘ನೆಕ್ಸ್ಟ್.’ ಗುಬ್ಬಿ, ಅದೆಷ್ಟು ಸರಿಯಾಗಿತ್ತು ಅಂತೀಯ! ಅದೇ ಅಂಗಡಿಯ ದನಿ, ಕೊನೆಯಲ್ಲಿ ಕತ್ತರಿಸಿದ ಹಾಗೆ. ಎರಡನೆಯ ಸಾಲು ಓದಿದೆ, ‘ನೆಕ್ಸ್ಟ್.’ ಇವರು ಇದ್ದಾರೆ, ಒಳಗೇ ಇದ್ದಾರೆ ಎಂದು ಕೂಗಬೇಕೆನಿಸಿತು. ಮೂರನೆಯ ಸಾಲಿನಲ್ಲಿ ಬೇಕೆಂದೇ ಒಂದು ಅಕ್ಷರ ತಪ್ಪು ಓದಿದೆ. ಓದಿ, ಉಸಿರು ಬಿಗಿಹಿಡಿದು ಅವರ ಮುಖ ನೋಡಿದೆ. ಸುಮ್ಮನಿರಲಿ, ದೇವರೇ, ಒಂದು ಸಲ ಸುಮ್ಮನಿರಲಿ ಎಂದುಕೊಂಡೆ. ‘ನೆಕ್ಸ್ಟ್’ ಅಂದರು.

ಕೇಳಿಸಿರಲಿಕ್ಕಿಲ್ಲ ಎಂದು ನಾಲ್ಕನೆಯ ಸಾಲನ್ನು ಪೂರ್ತಿ ತಪ್ಪು ಓದಿದೆ. ‘ನೆಕ್ಸ್ಟ್.’ ಐದನೆಯದಕ್ಕೆ ಬದನೆಕಾಯಿ ಅಂದೆ. ‘ನೆಕ್ಸ್ಟ್.’ ಆರನೆಯದಕ್ಕೆ ಚಪ್ಪಲಿ ಅಂದೆ. ‘ನೆಕ್ಸ್ಟ್.’ ನಿಮ್ಮ ತಲೆ, ನನ್ನ ಕರ್ಮ ಅಂದೆ. ಅದಕ್ಕೂ ‘ನೆಕ್ಸ್ಟ್.’ ನಗು ಬಂತು, ನಗುತ್ತಾ ನಗುತ್ತಾ ಅದು ಅಳುವಾಯಿತು, ನನ್ನ ಅಳುವಿಗೂ ಅವರು ಅದನ್ನೇ ಅಂದರು. ಎದ್ದು ಕಡ್ಡಿ ತೆಗೆದಿಟ್ಟೆ, ಚಾರ್ಟು ಸುತ್ತಿಟ್ಟೆ. ತಪ್ಪು ಓದಿದ ಅಕ್ಷರವನ್ನು ಹಾಗೇ ಬಿಟ್ಟುಬಿಟ್ಟ ಮೇಲೆ ಅವರು ನಿಮ್ಮಪ್ಪ ಅಲ್ಲ ಎಂದು ನನಗೆ ಖಾತ್ರಿಯಾಯಿತು.

ಆ ಖಾತ್ರಿ ಹೊತ್ತುಕೊಂಡೇ ನಿನ್ನೆ ಆಸ್ಪತ್ರೆಗೆ ಹೋದದ್ದು. ಗಾಲಿ ಕುರ್ಚಿಯಲ್ಲಿ ಅವರು, ಹಿಂದೆ ಚಿಕ್ಕಪ್ಪ, ಪಕ್ಕದಲ್ಲಿ ನಾನು. ಡಾಕ್ಟರು ಒಳ್ಳೆಯವರು, ನಿಮ್ಮಪ್ಪನ ಎದುರಿಗೇ ಬಗ್ಗಿ ನಿಂತು, ‘ಟ್ಯೂಬ್ ಇಡೋಣ್ವಾ? ನಿಮಗೇನನ್ಸತ್ತೆ?’ ಎಂದು ದೊಡ್ಡದಾಗಿ ಕೇಳಿದರು. ‘ನೆಕ್ಸ್ಟ್’ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೊಸದಾಗಿ ಸುಣ್ಣ ಬಳಿದ ಕೋಣೆ, ಕಣ್ಣಿಗೆ ಹೊಡೆಯುತ್ತಿತ್ತು. ಒಂದೇ ಕ್ಷಣ. ಇದುವರೆಗೆ ಹೇಳಿದ ಎಲ್ಲ ಅರ್ಥಗಳ ಹಾಗೆ ಇದನ್ನೂ ಹೇಳಿದೆ. ‘ಬೇಡ ಅಂತಿದಾರೆ’ ಅಂದೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಚಿಕ್ಕಪ್ಪ, ‘ಅಣ್ಣ ಯಾವಾಗ್ಲೂ ಹಾಗೇ, ಯಾರಿಗೂ ಭಾರ ಆಗ್ಬಾರ್ದು ಅಂತಾನೆ’ ಎಂದು ಕಣ್ಣು ಒರೆಸಿಕೊಂಡರು. ಆಸ್ಪತ್ರೆಯ ಗಾಡಿಯಲ್ಲೇ ಮನೆಗೆ ಬಂದೆವು.

ನೀನು ಕೇಳುತ್ತೀಯ, ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದರೆ ಡಾಕ್ಟರಿಗೆ ಹಾಗೆಯೇ ಹೇಳಬಹುದಿತ್ತಲ್ಲ, ಅವರ ಬಾಯಿಂದ ಯಾಕೆ ಹೇಳಿಸಿದೆ ಎಂದು. ಹಾಗೆ ಹೇಳಿದ್ದರೆ, ‘ಸರಿಯಮ್ಮಾ, ನಿಮಗೇನನ್ನಿಸುತ್ತೆ’ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳುವ ಬಾಯಿ ಇರಲಿಲ್ಲ. ನನಗೆ ಸಾಕಾಗಿದೆ, ಗುಬ್ಬಿ. ಅವರನ್ನು ಹೊರಳಿಸಿ ಹೊರಳಿಸಿ ಸೊಂಟ ಬಿದ್ದಿದೆ. ಮಲ ಮೂತ್ರಕ್ಕೆ ಹೇಸುವವಳಲ್ಲ ನಾನು, ಅದಕ್ಕಲ್ಲ. ಉತ್ತರವೇ ಇಲ್ಲದ ಮನೆಯಲ್ಲಿ ಇಬ್ಬರ ಮಾತನ್ನೂ ಒಬ್ಬಳೇ ಆಡಿ ಆಡಿ ನನ್ನ ದನಿ ಯಾವುದು ಎಂಬುದೇ ಮರೆತಿದೆ. ವರ್ಷಗಟ್ಟಲೆ ಎಂದು ಡಾಕ್ಟರು ಅಂದಾಗ ಎಲ್ಲರೂ ಸಮಾಧಾನದ ಉಸಿರು ಬಿಟ್ಟರು, ನನಗೆ ಮಾತ್ರ ಕಾಲ ಕೆಳಗಿನ ನೆಲ ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಆಯಿತು. ಆ ‘ಬೇಡ’ ಅವರದೋ ನನ್ನದೋ ಎಂದು ನಿನ್ನೆಯಿಂದ ತೂಗಿ ನೋಡುತ್ತಿದ್ದೇನೆ, ಒಂದೂ ಗೊತ್ತಾಗುತ್ತಿಲ್ಲ.

ಈಗ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ ಇರುತ್ತೇನೆ. ನೋವಿಗೆ ಔಷಧಿ ಕೊಟ್ಟಿದ್ದಾರೆ. ಮುಖ ಇಷ್ಟೇ ಆಗಿದೆ. ಕಾಗದ ಕಂಡ ಕೂಡಲೇ ಹೊರಟು ಬಾ. ಕ್ಷಮೆಯನ್ನು ನಿನ್ನ ಕೈಯಿಂದ ಕಿತ್ತುಕೊಂಡೆ ಎಂದು ನನ್ನ ಮೇಲೆ ಸಿಟ್ಟಿದ್ದರೆ ಬಂದು ಇಲ್ಲೇ ಬೈದು ಹೋಗು. ಯಾರಾದರೂ ಒಬ್ಬರು ನನಗೆ ಬೈಯಬೇಕು ಅನ್ನಿಸುತ್ತಿದೆ. ಬರುವಾಗ ಬೆಚ್ಚಗಿನದೊಂದು ಹೊದಿಕೆ ತಾ, ಇಲ್ಲಿ ಚಳಿ ಜಾಸ್ತಿ.

ನಿನ್ನ,
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಒಂದು ವಿಷಯ ಬಿಟ್ಟಿದ್ದೆ. ‘ಬೇಡ ಅಂತಿದಾರೆ’ ಎಂದು ನಾನು ಡಾಕ್ಟರಿಗೆ ಹೇಳಿದ ಮೇಲೆ ನಿಮ್ಮಪ್ಪ ‘ನೆಕ್ಸ್ಟ್’ ಅನ್ನಲಿಲ್ಲ. ಬದನೆಕಾಯಿಗೆ ಅಂದವರು, ಚಪ್ಪಲಿಗೆ ಅಂದವರು, ಅದಕ್ಕೆ ಅನ್ನಲಿಲ್ಲ. ಡಾಕ್ಟರು ಬರೆಯುತ್ತಿದ್ದರು, ಚಿಕ್ಕಪ್ಪ ಅಳುತ್ತಿದ್ದರು, ಯಾರೂ ಗಮನಿಸಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಸುಮ್ಮನೆ ಕೂತಿದ್ದರು. ಆ ನೋಟ ನಿನಗೂ ಗೊತ್ತು. ಕಾಯುತ್ತಿದ್ದರು. ನಾನು ಮತ್ತೆ ಓದಲಿಲ್ಲ. ಆಗಿನಿಂದ ಈ ಹೊತ್ತಿನವರೆಗೂ ಅವರು ಒಂದು ಮಾತೂ ಆಡಿಲ್ಲ.

ಮನಸ್ಸು ಬದಲಾದರೆ ಶನಿವಾರದೊಳಗೆ ತಿಳಿಸಿ, ಆಮೇಲೆ ಅವರ ಮೈ ತಡೆದುಕೊಳ್ಳುವುದಿಲ್ಲ ಎಂದಿದ್ದಾರೆ ಡಾಕ್ಟರು. ನಿನ್ನೆ ಸಂಜೆ ನೀನು ಫೋನ್ ಮಾಡಿದಾಗ ಡಾಕ್ಟರು ಇನ್ನೂ ಸಿಕ್ಕಿಲ್ಲ ಅಂದೆನಲ್ಲ, ಅದು ಸುಳ್ಳು. ಚಿಕ್ಕಪ್ಪ ಹೇಗೂ ನಿನಗೆ ಫೋನ್ ಮಾಡುವವರಲ್ಲ. ಈ ಕಾಗದ ನಿನ್ನ ಕೈಗೆ ಸೋಮವಾರ ಸಿಗುತ್ತದೆ. ಅದು ಗೊತ್ತಿದ್ದೇ ಅಂಚೆಗೆ ಹಾಕುತ್ತಿದ್ದೇನೆ.